ಬೋರ್ಡಿನ ಮೇಲಿನ ಬಿಳಿ ಬರಹ: ತಾಳವಾಡಿಯ ರಿಪೇರಿ ಮೇಜಿನಿಂದ ಒಂದು ಚರಿತ್ರೆ

ತಾಳವಾಡಿ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ರೇಡಿಯೋ-ಟಿವಿ ರಿಪೇರಿ ಅಂಗಡಿಯಲ್ಲಿ ಕೆಟ್ಟ ಬೋರ್ಡುಗಳನ್ನು ತುಂಬಿಟ್ಟ ಗೋಣಿಚೀಲವೊಂದಿದೆ. ಮುಂದೆ ಯಾವುದಾದರೂ ಭಾಗ ಬೇಕಾದೀತೆಂದು ಕೂಡಿಟ್ಟದ್ದು. ಈ ಲೇಖನಕ್ಕೆ ಮೊದಲ ಆಕರ ಆ ಚೀಲ. ಅದರಲ್ಲಿರುವ ಹಳೆಯ ಬೋರ್ಡುಗಳ ಮೈಮೇಲೆಲ್ಲ ಶಾಯಿಯ ಅಕ್ಷರ, ಅಂಕೆ, ಗೆರೆ, ಅರ್ಧಚಂದ್ರಗಳು: ಯಾವ ಭಾಗ ಎಲ್ಲಿ ಕೂರಬೇಕು, ಯಾವ ಕಡೆಗೆ ಮುಖ ಮಾಡಿ ಕೂರಬೇಕು ಎಂಬುದರ ಗುರುತು. ಉದ್ಯಮದವರು ಇದನ್ನು ಸಿಲ್ಕ್‌ಸ್ಕ್ರೀನ್ ಎನ್ನುತ್ತಾರೆ. ಅಂಗಡಿಯವರ ಬಾಯಲ್ಲಿ ಬರೀ ‘ಪ್ರಿಂಟು’. ಒಂದೊಂದು ಭಾಗಕ್ಕೂ ಮೀಸಲಾದ ಜಾಗಕ್ಕೆ ಫುಟ್‌ಪ್ರಿಂಟ್ ಎಂಬ ಹೆಸರಿದೆ. ಸತ್ಯಮಂಗಲದ ಹುಲಿ ಕಾಡಿಗೆ ಅಂಟಿಕೊಂಡ ಈ ಸೀಮೆಯಲ್ಲಿ ಹೆಜ್ಜೆಗುರುತು ಎಂದರೆ ಬೇರೆಯದೇ ನೆನಪಾಗುತ್ತದೆ. ಹಾಗಾಗಿ ‘ಕೂರುವ ಜಾಗ’ ಎಂದೇ ಬರೆಯುತ್ತೇನೆ.

ಈ ಪ್ರಿಂಟು ಹುಟ್ಟಿದ್ದು ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ಕೂತವರಿಗಾಗಿ. ಅವರ ಕಣ್ಣೆದುರು ಅದು ಇದ್ದದ್ದು ಕೆಲವು ಗಳಿಗೆ ಮಾತ್ರ. ವರ್ಷಗಟ್ಟಲೆ ಅದನ್ನು ಓದಿದವರು ರಿಪೇರಿಯವರು. ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂ ಘಾಟಿಯ 27 ತಿರುವು ಹತ್ತಿಯೇ ಬರಬೇಕು. ಕಂಪನಿಯ ಸರ್ವಿಸ್ ಮ್ಯಾನುಯಲ್ ಆ ಘಾಟಿ ಹತ್ತಿದ್ದು ಅಪರೂಪ. ಇಲ್ಲಿನವರಿಗೆ ಬೋರ್ಡಿನ ಮೇಲೆ ಇದ್ದಷ್ಟೇ ದಾಖಲೆ. ಆದ್ದರಿಂದ ಇದರ ಚರಿತ್ರೆಯನ್ನು ಮಾಡಿದವರ ಕಡೆಯಿಂದ ನೋಡಿದರೆ ಸಾಲದು, ಓದಿದವರ ಕಡೆಯಿಂದಲೂ ನೋಡಬೇಕು ಎಂಬುದು ನನ್ನ ವಾದ.

ತಂತ್ರ ಬಟ್ಟೆಯದು. ಈರೋಡು ಸೀಮೆಯ ಮದುವೆಗಳಲ್ಲಿ ತಾಂಬೂಲದ ಜೊತೆ ಕೊಡುವ ಹಳದಿ ಬಟ್ಟೆಚೀಲದ ಮೇಲೆ ವಧೂವರರ ಹೆಸರು ಬೀಳುವುದು ಹೇಗೋ, ಇದೂ ಹಾಗೆಯೇ: ಚೌಕಟ್ಟಿಗೆ ಬಿಗಿದ ತೆಳು ಬಲೆ, ಬೇಡವಾದ ಕಡೆ ಮುಚ್ಚಿದ ಕಣ್ಣು, ಮೇಲಿಂದ ರಬ್ಬರ್ ಪಟ್ಟಿಯಲ್ಲಿ ಎಳೆದ ಶಾಯಿ. ಮ್ಯಾಂಚೆಸ್ಟರಿನ ಸ್ಯಾಮ್ಯುಯಲ್ ಸೈಮನ್ ಇದಕ್ಕೆ 1907ರಲ್ಲಿ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಗುರಿಯ ಹತ್ತಿರ ಬಂದೊಡನೆ ತಾನೇ ಸಿಡಿಯುವ ಶೆಲ್ಲಿನ ಫ್ಯೂಜಿಗಾಗಿ ಪಿಂಗಾಣಿ ಬಿಲ್ಲೆಯ ಮೇಲೆ ಬೆಳ್ಳಿಯ ಶಾಯಿಯಲ್ಲಿ ಸರ್ಕ್ಯೂಟನ್ನೇ ಹೀಗೆ ಮುದ್ರಿಸಿದರು. ಅಂದರೆ ಬಲೆಯಿಂದ ಮೊದಲು ಇಳಿದದ್ದು ತಂತಿ, ಹೆಸರು ಆಮೇಲೆ. ಲಂಡನ್ನಿನಲ್ಲಿದ್ದ ಆಸ್ಟ್ರಿಯಾದ ಪೌಲ್ ಐಸ್ಲರ್ 1943ರಲ್ಲಿ ಪೇಟೆಂಟಿಗೆ ಹಾಕಿದ ತಾಮ್ರದ ಹಾಳೆಯ ವಿಧಾನ ಯುದ್ಧಾನಂತರ ಗೆದ್ದಿತು. ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿ ತೆಗೆಯುವಾಗ ಬೇಕಾದ ತಾಮ್ರಕ್ಕೆ ರಕ್ಷೆಯಾಗಿ ಬಳಿಯುವ ಶಾಯಿಗೂ ಈ ಬಲೆಯೇ, ಕೊನೆಗೆ ಅಕ್ಷರ ಬರೆಯುವುದಕ್ಕೂ ಇದೇ.

ಈಗ ಅಕ್ಷರಗಳಿಗೆ ಬರೋಣ. ರೆಸಿಸ್ಟೆನ್ಸಿಗೆ ‘ಆರ್’, ಕಂಡೆನ್ಸರಿಗೆ ‘ಸಿ’ ಎಂಬುದರಲ್ಲಿ ತಕರಾರಿಲ್ಲ. ಟ್ರಾನ್ಸಿಸ್ಟರಿಗೆ ‘ಕ್ಯೂ’ ಯಾಕೆ? ‘ಟಿ’ ಅದಾಗಲೇ ಟ್ರಾನ್ಸ್‌ಫಾರ್ಮರಿನ ಪಾಲಾಗಿತ್ತು. ಅಮೆರಿಕದ ಹಳೆಯ ಬೋರ್ಡುಗಳಲ್ಲಿ ಡಯೋಡಿಗೆ ‘ಸಿಆರ್’ ಎಂದಿರುತ್ತದೆ. ಅದು ಕ್ರಿಸ್ಟಲ್ ರೆಕ್ಟಿಫಯರ್ ಎಂಬ ಕಾಲದ ಉಳಿಕೆ. ಸೇನೆಯ ನಕ್ಷೆಗಳಿಗಾಗಿ ಕಟ್ಟಿದ ಈ ಪದ್ಧತಿ 1975ರಲ್ಲಿ ಐಇಇಇ 200 ಎಂಬ ಮಾನಕದಲ್ಲೂ ನೆಲೆಯಾಯಿತು. ಯುರೋಪಿನವರು ಒಪ್ಪಲಿಲ್ಲ, ಟ್ರಾನ್ಸಿಸ್ಟರಿಗೆ ‘ಟಿ’ ಎಂದೋ ‘ಟಿಆರ್’ ಎಂದೋ ಬರೆದರು. ಐಸಿಗೆ ಒಬ್ಬರು ‘ಯು’, ಇನ್ನೊಬ್ಬರು ‘ಐಸಿ’. ಫಿಲಿಪ್ಸ್ ಕಂಪನಿ ಅಕ್ಷರದ ಗೋಜಿಗೇ ಹೋಗದೆ ನಾಲ್ಕಂಕಿಯಲ್ಲಿ ಮುಗಿಸಿತು: 2ರಿಂದ ಶುರುವಾದರೆ ಕಂಡೆನ್ಸರ್, 3 ಎಂದರೆ ರೆಸಿಸ್ಟೆನ್ಸ್, 5 ಕಾಯಿಲ್, 6 ಡಯೋಡ್, 7 ಟ್ರಾನ್ಸಿಸ್ಟರ್ ಅಥವಾ ಐಸಿ. ಚೀಲದಲ್ಲಿ ಮೂರೂ ಬಗೆಯವು ಒಂದರ ಮೇಲೊಂದು ಬಿದ್ದಿವೆ. ಮಾನಕಗಳ ಹೆಸರೇ ಕೇಳದ ಅಂಗಡಿಯವರು ಮೂರನ್ನೂ ಸಲೀಸಾಗಿ ಓದುತ್ತಾರೆ. ಕನ್ನಡ, ತಮಿಳು ಎರಡನ್ನೂ ದಿನವಿಡೀ ಬಳಸುವ ಊರಿಗೆ ಇದೇನು ದೊಡ್ಡದಲ್ಲ.

ಕನ್ನಡನಾಡಿನಲ್ಲಿ ಈ ವಿದ್ಯೆಗೆ ನೆಲೆಯಾದದ್ದು ಬೆಂಗಳೂರು. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1954ರಲ್ಲಿ ಜಾಲಹಳ್ಳಿಯ ಬಿಇಎಲ್ ಬಂದವು. ಬಿಇಎಲ್ ಮುದ್ರೆಯ ಟ್ರಾನ್ಸಿಸ್ಟರುಗಳು ಈ ಚೀಲದ ಹಳೆಯ ಆಂಪ್ಲಿಫಯರ್ ಬೋರ್ಡಿನಲ್ಲೂ ಕೂತಿವೆ. ಆದರೆ ಬರಹದ ದೃಷ್ಟಿಯಿಂದ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದಿಂದ 1974ರಲ್ಲಿ ಶುರುವಾದ ಸಿಇಡಿಟಿ ಎಂಬ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕೇಂದ್ರ. ಅದರ ಪುಸ್ತಕಮಾಲೆಯಲ್ಲಿ ವಾಲ್ಟರ್ ಬೋಸ್‌ಹಾರ್ಟ್ ಬರೆದ ಪಿಸಿಬಿ ವಿನ್ಯಾಸದ ಪುಸ್ತಕ 1983ರಲ್ಲಿ ಹೊರಬಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಠ್ಯವಾಯಿತು. ಆಗಿನ ವಿನ್ಯಾಸ ಕೈಕೆಲಸ. ಪಾರದರ್ಶಕ ಹಾಳೆಯ ಮೇಲೆ ಎರಡು ಪಟ್ಟು, ನಾಲ್ಕು ಪಟ್ಟು ದೊಡ್ಡದಾಗಿ ಕಪ್ಪು ಟೇಪು ಅಂಟಿಸಿ, ಅಕ್ಷರಗಳನ್ನು ಒಂದೊಂದಾಗಿ ಉಜ್ಜಿ ಇಳಿಸಿ, ಕ್ಯಾಮರಾದಲ್ಲಿ ಕುಗ್ಗಿಸಬೇಕಿತ್ತು. ಆ ಕಾಲದ ಬೋರ್ಡುಗಳಲ್ಲಿ ಒಂದು ಅಂಕೆ ಸೊಟ್ಟಗೆ ನಿಂತಿದ್ದರೆ ಅದು ಯಾರದೋ ಬೆರಳು ಜಾರಿದ ಗುರುತು.

ಹೆಸರಿಗಿಂತ ದಿಕ್ಕಿನ ಗುರುತು ಕಷ್ಟದ್ದು. ಡಯೋಡಿನ ಪಟ್ಟೆ ಕ್ಯಾಥೋಡಿನ ಕಡೆ. ಐಸಿಯ ಕಚ್ಚು ಅಥವಾ ಚುಕ್ಕೆ ಒಂದನೇ ಕಾಲಿನ ಕಡೆ. ಅದೇ ಕಾಲಿಗೆ ಬೋರ್ಡಿನಲ್ಲಿ ಹಲವು ಸಲ ದುಂಡಗಿನ ಬದಲು ಚೌಕ ತಾಮ್ರ ಬಿಟ್ಟಿರುತ್ತಾರೆ. ತೊಡಕಿರುವುದು ಕಂಡೆನ್ಸರಿನಲ್ಲಿ. ಸಾಮಾನ್ಯ ಎಲೆಕ್ಟ್ರೋಲಿಟಿಕ್ ಡಬ್ಬಿಯ ಮೇಲಿನ ಪಟ್ಟೆ ಮೈನಸ್ಸು, ಟ್ಯಾಂಟಲಮ್ಮಿನ ಪಟ್ಟೆ ಪ್ಲಸ್ಸು. ಬೋರ್ಡಿನಲ್ಲಿ ಅರ್ಧ ವೃತ್ತಕ್ಕೆ ಬಿಳಿ ತುಂಬಿದ್ದರೆ ಸಾಮಾನ್ಯವಾಗಿ ಮೈನಸ್ಸು. ಉಲ್ಟಾ ತುಂಬುವವರೂ ಇದ್ದಾರೆ. ಒಂದು ಕಂಪ್ಯೂಟರ್ ಬೋರ್ಡಿನಲ್ಲಿ ಆ ಬಿಳಿಯನ್ನು ನಂಬಿ ನಾನೇ ಕಂಡೆನ್ಸರ್ ತಿರುಗುಮುರುಗಾಗಿ ಹಾಕಿದೆ. ಕರೆಂಟು ಕೊಟ್ಟ ಮೇಲೆ ಅದರ ತಲೆ ಉಬ್ಬಿ, ‘ಪಟ್’ ಎಂದು ಒಡೆದು, ಕೋಣೆಯೆಲ್ಲ ಮೀನಿನಂಥ ವಾಸನೆ. ಈ ಕಥೆ ಹೇಳಿದಾಗ ಅಂಗಡಿಯವರು ನಕ್ಕರು. “ಪ್ರಿಂಟು ನೋಡಿ, ಆಮೇಲೆ ಮೀಟರ್ ಇಕ್ಕಿ ನೋಡ್ಬೇಕು ಸಾ. ಒಂದನ್ನೇ ನಂಬ್‌ಬುಟ್ರೆ ಆಯ್ತದಾ?”

ಭಾಗಗಳು ತೂತಿನಿಂದ ಮೇಲೆದ್ದು ಬೋರ್ಡಿನ ಮೈಗೇ ಅಂಟಿಕೊಳ್ಳತೊಡಗಿದ ಮೇಲೆ ನಿಯಮಗಳು ಬಿಗಿಯಾದವು. ಬೋರ್ಡು ಉದ್ಯಮದವರ ಕೂಟವಾಗಿ 1957ರಲ್ಲಿ ಹುಟ್ಟಿದ ಐಪಿಸಿ ಸಂಸ್ಥೆ 1987ರಲ್ಲಿ ಎಸ್‌ಎಂ-782, 2005ರಲ್ಲಿ ಅದರ ಜಾಗಕ್ಕೆ 7351 ಎಂಬ ಮಾನಕ ತಂದು, ಕೂರುವ ಜಾಗದ ಅಳತೆ, ಸುತ್ತ ಬಿಡಬೇಕಾದ ಅಂಗಳ ಎಲ್ಲವನ್ನೂ ಗೊತ್ತುಮಾಡಿತು. ಶಾಯಿ ಬೆಸುಗೆಯ ತಾಮ್ರದ ಮೇಲೆ ಹರಿಯಬಾರದು, ಹರಿದರೆ ಬೆಸುಗೆ ಹಿಡಿಯುವುದಿಲ್ಲ. ಭಾಗ ಕೂತ ಮೇಲೂ ಗುರುತು ಕಾಣಬೇಕೆಂಬ ಮಾತು ನನ್ನ ಓದಿನಲ್ಲಿ ರಿಪೇರಿಯವರಿಗೆ ಸಂದ ಮರ್ಯಾದೆ. ಆದರೆ ಅಷ್ಟು ಹೊತ್ತಿಗೆ ಜೋಡಿಸುವ ಕೆಲಸ ಯಂತ್ರದ ಪಾಲಾಗಿತ್ತು. ಯಂತ್ರಕ್ಕೆ ಬೇಕಾದದ್ದು ಕಂಪ್ಯೂಟರ್ ಕಡತದ ಅಂಕಿಗಳು, ಅದು ಅಕ್ಷರ ಓದುವುದಿಲ್ಲ. ಇತ್ತ ಭಾಗಗಳೂ ಕುಗ್ಗಿದವು. 0402 ಎಂಬ ರೆಸಿಸ್ಟೆನ್ಸಿನ ಉದ್ದ 1 ಮಿ.ಮೀ., ಅಗಲ ಅರ್ಧ. ಕಣ್ಣಿಗೆ ಕಾಣುವಂತೆ ಅದರ ಹೆಸರು ಬರೆದರೆ ಹೆಸರೇ ಭಾಗಕ್ಕಿಂತ ದೊಡ್ಡದು. ಮೊಬೈಲಿನ ಬೋರ್ಡುಗಳಲ್ಲಿ ಹೆಸರನ್ನು ಪೂರಾ ಕೈಬಿಟ್ಟಿರುವುದೇ ಹೆಚ್ಚು. ನಗರದ ರಿಪೇರಿಯವರು ಅದರ ನಕ್ಷೆಯನ್ನು ಕಂಪ್ಯೂಟರ್ ಪರದೆಯ ಮೇಲೆ ತೆರೆದಿಟ್ಟುಕೊಂಡು ಕೂರುತ್ತಾರೆ.

ತಾಳವಾಡಿಯ ಅಂಗಡಿಗೆ ಈಗ ಹೆಚ್ಚಾಗಿ ಬರುವುದು ಎಲ್‌ಇಡಿ ಬಲ್ಬು. ಅದರ ಅಲ್ಯೂಮಿನಿಯಂ ಬಿಲ್ಲೆಗೆ ಮೈಯೆಲ್ಲ ಬಿಳಿ ಬಣ್ಣ, ಹಾಗಾಗಿ ಬರಹ ಕಪ್ಪು. ಒಂದು ಪ್ಲಸ್, ಒಂದು ಮೈನಸ್, ಅಷ್ಟೇ. ಡ್ರೈವರಿನ ಚಿಕ್ಕ ಬೋರ್ಡಿನಲ್ಲಿ ಎಷ್ಟೋ ಸಲ ಅದೂ ಇಲ್ಲ. ನಾನು ಹೋದ ದಿನ ಅಂಥದ್ದೊಂದರ ಕಂಡೆನ್ಸರ್ ಕೀಳಬೇಕಿತ್ತು. ಬೆಸುಗೆ ಕಡ್ಡಿ ಕಾಯಿಸುವ ಮೊದಲು ಅವರು ಮಾರ್ಕರ್ ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು, ಹಳೆಯ ಜಪಾನಿ ಬೋರ್ಡುಗಳಲ್ಲಿ ಇರುವಂಥದೇ ಅರ್ಧಚಂದ್ರವೊಂದನ್ನು ಮೈನಸ್ ಕಾಲಿನ ಕಡೆ ಬರೆದರು.