ಸಂಡೂರಿನಿಂದ ಮುದುಮಲೆಗೆ: ಎಂ. ಕೃಷ್ಣನ್ ಅವರ ನಿಸರ್ಗ ಬರಹಗಳು

ಗಡಿನಾಡಿನ ಚರಿತ್ರೆಯು ಬಹುಮಟ್ಟಿಗೆ ಶಾಸನ, ಆಡಳಿತ ದಾಖಲೆ ಹಾಗೂ ಭಾಷಾ ಚಳವಳಿಗಳ ಆಧಾರದಿಂದ ರಚಿತವಾಗಿದೆ. ಅದೇ ನೆಲದ ಹುಲ್ಲುಗಾವಲು, ಕುರುಚಲು ಕಾಡು, ಪ್ರಾಣಿಪಕ್ಷಿಗಳ ಚರಿತ್ರೆಗೆ ಆಕರಗಳು ವಿರಳ. ಈ ದೃಷ್ಟಿಯಿಂದ ಎಂ. ಕೃಷ್ಣನ್ (1912–1996) ಅವರ ಕೃತಿಗಳ ಓದಿಗೆ ವಿಶೇಷ ಮಹತ್ವವಿದೆ.

ತಿರುನೆಲ್ವೇಲಿಯಲ್ಲಿ ಜನಿಸಿದ ಕೃಷ್ಣನ್, ತಮಿಳಿನ ಆರಂಭಕಾಲದ ಕಾದಂಬರಿಕಾರ ಅ. ಮಾಧವಯ್ಯನವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ನೀಲಗಿರಿಯ ಸಸ್ಯಸಂಪತ್ತನ್ನು ದಾಖಲಿಸಿದ ಪಿ. ಎಫ್. ಫೈಸನ್ ಅವರಿಂದ ಸಸ್ಯಶಾಸ್ತ್ರದ ಅಭಿರುಚಿ ಪಡೆದರು. 1942ರಲ್ಲಿ ಸಂಡೂರು ಸಂಸ್ಥಾನದ ಸೇವೆಗೆ ಸೇರಿ ಶಿಕ್ಷಕ, ನ್ಯಾಯಾಧೀಶ, ಪ್ರಚಾರಾಧಿಕಾರಿ, ಅರಸರ ರಾಜಕೀಯ ಕಾರ್ಯದರ್ಶಿ ಎಂಬ ವಿವಿಧ ಹೊಣೆಗಳನ್ನು ನಿರ್ವಹಿಸಿದರು. ಅಲ್ಲಿಯೇ ಕುರಿ ಮೇಯಿಸಿದರು, ಪಾರಿವಾಳ ಸಾಕಿದರು, ಗುಡ್ಡಗಳಲ್ಲಿ ಅಲೆದರು. 1949ರಲ್ಲಿ ಸಂಸ್ಥಾನವು ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. 1953ರಲ್ಲಿ ಆ ಜಿಲ್ಲೆಯೇ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಸಂಡೂರು ಸೇರಿದಂತೆ ಉಳಿದವು ಮೈಸೂರಿಗೂ ಸಂದವು. ಗಡಿರೇಖೆ ಬೀಳುವ ಮೊದಲಿನ ಆ ಬಯಲುಸೀಮೆಯನ್ನು ಕಣ್ಣಾರೆ ಕಂಡ ನಿಸರ್ಗ ಲೇಖಕರಲ್ಲಿ ಕೃಷ್ಣನ್ ಒಬ್ಬರು.

ಸಂಡೂರಿನ ಬಳಿಕ ಅವರು ಬೇರೆ ಉದ್ಯೋಗ ಹಿಡಿಯದೆ ಬರಹ ಮತ್ತು ಛಾಯಾಚಿತ್ರಗಳಿಂದಲೇ ಬದುಕಿದರು. 1950ರಲ್ಲಿ ಕಲ್ಕತ್ತೆಯ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಆರಂಭವಾದ ‘ಕಂಟ್ರಿ ನೋಟ್‌ಬುಕ್’ ಅಂಕಣವು ಅವರ ಮರಣದವರೆಗೆ, ನಲವತ್ತಾರು ವರ್ಷ ಸಾಗಿತು. ಆನೆಗೆ ಸಂದ ಗೌರವವೇ ಅಲ್ಲಿ ಹಿತ್ತಲಿನ ಕಾಗೆ, ಅಳಿಲುಗಳಿಗೂ ಸಂದಿದೆ. ಭಾವುಕತೆಗಿಂತ ನಿಖರ ವೀಕ್ಷಣೆಯೇ ಆ ಗದ್ಯದ ಬಲ. 1968ರಲ್ಲಿ ನೆಹರೂ ಫೆಲೋಶಿಪ್ ಪಡೆದು ಪರ್ಯಾಯ ದ್ವೀಪದ ದೊಡ್ಡ ಸಸ್ತನಿಗಳ ಸ್ಥಿತಿಗತಿಯನ್ನು ಸಮೀಕ್ಷಿಸಿದರು. ಅದರ ಫಲಿತವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1975ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿತು.

ಕೃಷ್ಣನ್ ಅವರ ನಿಲುವು ಸ್ಪಷ್ಟವಾಗಿತ್ತು: ಪ್ರಾಣಿಯನ್ನು ಉಳಿಸಬೇಕಾದರೆ ಅದರ ನೆಲೆಯಾದ ಸ್ಥಳೀಯ ಸಸ್ಯಸಂಕುಲವನ್ನು ಉಳಿಸಬೇಕು. ಪರದೇಶದ ಮರಗಳನ್ನು ತಂದು ನೆಡುವುದನ್ನು ಅವರು ಕಟುವಾಗಿ ವಿರೋಧಿಸಿದ್ದು ಈ ಕಾರಣಕ್ಕೇ. ಕಂದಾಯ ದಾಖಲೆಯಲ್ಲಿ ‘ಬಂಜರು’ ಎನಿಸಿಕೊಂಡು ಗಣಿಗೋ ನೆಡುತೋಪಿಗೋ ಸುಲಭವಾಗಿ ಸಲ್ಲುವ ಬಯಲು, ಈ ದೃಷ್ಟಿಯಲ್ಲಿ ಜೀವಸಮೃದ್ಧ ನೆಲೆಯಾಗುತ್ತದೆ.

ಅವರು ಬಹುಕಾಲ ಆನೆಗಳನ್ನು ಅಭ್ಯಸಿಸಿದ ಮುದುಮಲೆ ತಮಿಳುನಾಡಿನದು, ಅದಕ್ಕೆ ತಾಗಿದ ಬಂಡೀಪುರ ಕರ್ನಾಟಕದ್ದು; ಆನೆಹಿಂಡಿಗೆ ಎರಡೂ ಒಂದೇ ಕಾಡು. ರಾಯದುರ್ಗದ ಕುರುಚಲಿಗೂ ಸಂಡೂರಿನ ಗುಡ್ಡಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲಿನ ಹಿರಿಯ ಕುರಿಗಾಹಿಗಳ ನಾಲಗೆಯಲ್ಲಿ ಉಳಿದಿರುವ ಗಿಡ, ಹಕ್ಕಿಗಳ ಕನ್ನಡ ಹೆಸರುಗಳನ್ನು ಕೃಷ್ಣನ್ ಅವರ ಪುಟಗಳ ಪಕ್ಕದಲ್ಲಿಟ್ಟು ಸಂಗ್ರಹಿಸುವುದು ಗಡಿನಾಡ ಅಧ್ಯಯನದ ಮುಂದಿರುವ ತುರ್ತು ಕೆಲಸ. ನೆಲೆ ಅಳಿದರೆ ಪ್ರಾಣಿಯ ಜೊತೆಗೆ ಅದರ ಹೆಸರೂ ಅಳಿಯುತ್ತದೆ.