ಕಾಫಿ ಕ್ಲಬ್ಬಿನ ಲೋಟ

ಹೋಟೆಲಿನ ವಿಷಯದಲ್ಲಿ ಇಬ್ಬರು ಗಿರಾಕಿಗಳು ಒಮ್ಮತಕ್ಕೆ ಬಂದದ್ದನ್ನು ನಾನಂತೂ ಕಂಡಿಲ್ಲ. ಒಂದೇ ಮೇಜಿಗೆ ಎದುರುಬದುರಾಗಿ ಕುಳಿತು, ಒಂದೇ ಕೊಳದಪ್ಪಲೆಯ ಸಾಂಬಾರನ್ನು ಉಂಡು ಹೊರಗೆ ಬಂದವರಲ್ಲಿ ಒಬ್ಬರು “ಹುಳಿ ಎಂದರೆ ಇದು” ಎಂದು ತಲೆದೂಗುತ್ತಾರೆ. ಇನ್ನೊಬ್ಬರು “ಬೆಲ್ಲ ಸುರಿದಿಟ್ಟಿದ್ದಾನೆ, ಪುಣ್ಯಾತ್ಮ” ಎಂದು ಗೊಣಗುತ್ತಾರೆ. ಮೊದಲನೆಯವರ ಊರು ಘಟ್ಟದ ಕೆಳಗೆ, ಎರಡನೆಯವರದು ಕೋಲಾರದ ಕಡೆ ಎಂದು ಗೊತ್ತಾದರೆ ಅರ್ಧ ವ್ಯಾಜ್ಯ ತೀರಿತು. ಉಳಿದರ್ಧ ಮಾತ್ರ ನಾಲಗೆಯ ಮಾತಲ್ಲ. ಅದು ಎಲ್ಲಿ ಕೂರಿಸಿದರು, ಎಷ್ಟು ಹೊತ್ತು ಕಾಯಿಸಿದರು, ಯಾವ ಲೋಟದಲ್ಲಿ ಕೊಟ್ಟರು ಎಂಬುದರ ಮಾತು. ಈ ಉಳಿದರ್ಧಕ್ಕೂ ಒಂದು ಚರಿತ್ರೆ ಇದೆ. ಬೆಂಗಳೂರಿನಲ್ಲಿ ಅದನ್ನು ಓದಬೇಕಾದರೆ ಲಾಲ್‌ಬಾಗಿನ ಮಗ್ಗುಲಿಗೆ ಹೋಗಬೇಕು.

ಮಾವಳ್ಳಿ ಟಿಫಿನ್ ರೂಮಿನ ಹೆಸರು ಕೇಳದವರು ಈ ಊರಿನಲ್ಲಿ ಅಪರೂಪ. ಅದಕ್ಕೆ ಹುಟ್ಟಿದಾಗ ಇಟ್ಟ ಹೆಸರು ಬೇರೆ ಎಂಬುದನ್ನು ಬಲ್ಲವರು ಅಷ್ಟೊಂದಿಲ್ಲ. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಮಯ್ಯ ಮನೆತನದ ಸೋದರರು ಬೆಂಗಳೂರಿಗೆ ಬಂದದ್ದು ಅಡಿಗೆಯ ಕೆಲಸಕ್ಕೆ. ಘಟ್ಟದ ಕೆಳಗಿನ ಎಷ್ಟೋ ಹುಡುಗರು ಹಿಡಿದ ದಾರಿಯೇ ಅದು. 1924ರಲ್ಲಿ ಲಾಲ್‌ಬಾಗಿನ ಹತ್ತಿರ ಅವರು ಒಂದು ಚಿಕ್ಕ ಅಂಗಡಿ ತೆರೆದರು: ಕಾಫಿ, ಇಡ್ಲಿ, ಹೀಗೆ ಕೆಲವೇ ಪದಾರ್ಥ. ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’.

ಈ ಹೆಸರಿನ ಒಂದೊಂದು ಪದವೂ ಆ ಕಾಲದ ಗಿರಾಕಿಗೆ ಬರೆದ ಕಾಗದದಂತಿದೆ. ಕಾಫಿ ಹೊಸ ಚಟ. ಕ್ಲಬ್ಬು ದಂಡಿನ ಪ್ರದೇಶದ ದೊರೆಗಳಿಂದ ಎರವಲು ತಂದ ಪದ; ದೊರೆಗಳ ಕ್ಲಬ್ಬಿನಲ್ಲಿ ನಮ್ಮವರಿಗೆ ಪ್ರವೇಶವಿಲ್ಲದಿದ್ದರೇನಂತೆ, ಎರಡು ಬೆಂಚು ಹಾಕಿ ನಮ್ಮದೇ ಕ್ಲಬ್ಬು ಮಾಡಿಕೊಂಡರಾಯಿತು. ಇನ್ನು ಮೊದಲನೆಯ ಪದ. ಅದು ಒಲೆಯ ಮುಂದೆ ಯಾರಿದ್ದಾರೆ ಎಂಬುದಕ್ಕೆ ಕೊಟ್ಟ ಜಾಮೀನು. ಮನೆಯ ಹೊರಗೆ ತಿನ್ನುವುದು ಮರ್ಯಾದೆಗೇಡು ಎಂದು ನಂಬಿದ್ದ ಜನ, ಕಚೇರಿಯ ಕೆಲಸಕ್ಕಾಗಿ ಊರು ಬಿಟ್ಟು ಬಂದು ಒಂಟಿ ಕೊಠಡಿಯಲ್ಲಿ ಉಳಿದ ಗುಮಾಸ್ತೆ, ಕೈಯಡಿಗೆಗೆ ಬೇಸತ್ತ ವಿದ್ಯಾರ್ಥಿ, ಇವರೆಲ್ಲ ಹೊಸ್ತಿಲು ದಾಟಬೇಕಾದರೆ ಧೈರ್ಯ ಬೇಕಿತ್ತು. ಆ ಧೈರ್ಯವನ್ನು ಬೋರ್ಡು ಕೊಡುತ್ತಿತ್ತು.

ಬೋರ್ಡು ಕೊಟ್ಟ ಧೈರ್ಯ ಎಲ್ಲರಿಗೂ ಅಲ್ಲ ಎಂಬುದನ್ನು ಕೂಡಲೇ ಹೇಳಬೇಕು. ಅಂದಿನ ದಕ್ಷಿಣ ದೇಶದ ಊರೂರುಗಳಲ್ಲಿ ಇಂಥ ಹೆಸರಿನ ಹೋಟೆಲುಗಳು ಇದ್ದವು. ಹಲವು ಕಡೆ ಒಳಗೊಂದು ಪಂಕ್ತಿ, ಹೊರಗೊಂದು ಪಂಕ್ತಿ. ಒಳಕೋಣೆಯ ಬಾಗಿಲ ಮೇಲೆ ‘ಬ್ರಾಹ್ಮಣರಿಗೆ ಮಾತ್ರ’ ಎಂಬ ಹಲಗೆ. ಅದಕ್ಕೂ ಆಚೆ ನಿಲ್ಲಿಸಲ್ಪಟ್ಟವರಿಗೆ ಪಂಕ್ತಿಯೇ ಇರಲಿಲ್ಲ. ಅವರಿಗೆ ಎಲೆಯಲ್ಲೋ ತೆಂಗಿನ ಚಿಪ್ಪಿನಲ್ಲೋ ಬೇರೆ ಲೋಟದಲ್ಲೋ ಕೊಡುವ ಪದ್ಧತಿ. ಕುಡಿದ ಲೋಟವನ್ನು ತಾವೇ ತೊಳೆದು ಗೂಟಕ್ಕೆ ಸಿಕ್ಕಿಸಿ ಹೋಗಬೇಕು. ಸಾಂಬಾರು ಸಪ್ಪೆ ಎಂದು ದೂರುವುದಕ್ಕೂ ಮೊದಲು ಒಳಗೆ ಬರಬೇಕಷ್ಟೆ. ಹೋಟೆಲಿನ ಬಗ್ಗೆ ‘ನನಗೆ ಹಿಡಿಸಲಿಲ್ಲ’ ಎನ್ನುವುದು ಒಂದು ಅಧಿಕಾರ. ಬಹಳ ಕಾಲ ಅದು ಎಲ್ಲರ ಕೈಯಲ್ಲೂ ಇರಲಿಲ್ಲ.

ಒಳಗೆ ಕೂತವನಿಗೂ ನೆಮ್ಮದಿಯೇನೂ ಇರಲಿಲ್ಲವೆನ್ನಿ. ನಮ್ಮ ಮನೆಯ ಹಿರಿಯರೊಬ್ಬರು ಹೋಟೆಲಿನ ಕಾಫಿಯನ್ನು ತುಟಿಗೆ ತಾಕಿಸದೆ ಎತ್ತಿ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು. ಒಂದು ಹನಿಯೂ ಅಂಗಿಯ ಮೇಲೆ ಬೀಳುತ್ತಿರಲಿಲ್ಲ. “ಬಿಸಿ ಸುಡುವುದಿಲ್ಲವೆ, ತಾತ?” ಎಂದು ಕೇಳಿದರೆ “ಸುಡುತ್ತದೆ, ಮಗು” ಎಂದು ಹೇಳಿ ಮುಂದಿನ ಗುಟುಕು ಸುರಿದುಕೊಳ್ಳುತ್ತಿದ್ದರು. ಲೋಟದ ಅಂಚಿಗೆ ಅದಕ್ಕೂ ಮೊದಲು ಯಾರ ತುಟಿ ತಾಕಿತ್ತೋ ಎಂಬುದು ಅವರ ಭಯ. ನಮ್ಮ ಲೋಟ ಬಟ್ಟಲುಗಳಿಗೆ ಹೊರಚಾಚಿದ ಕಂಠವಿರುವುದು ಈ ಎತ್ತಿ ಕುಡಿಯುವ ಅಭ್ಯಾಸಕ್ಕೆ ಎಷ್ಟು ಅನುಕೂಲ ಎಂಬುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು.

ಎರಡನೆಯ ಮಹಾಯುದ್ಧ ಬಂದಾಗ ಗಿರಾಕಿಯ ಚಿಂತೆ ಕೆಲಕಾಲ ಲೋಟದಿಂದ ತಟ್ಟೆಗೆ ಇಳಿಯಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ರವೆಗೆ ಮೊಸರು ಬೆರೆಸಿ, ಸಾಸಿವೆ, ಗೋಡಂಬಿ, ಕೊತ್ತಂಬರಿಯ ಒಗ್ಗರಣೆ ಸೇರಿಸಿ ಹಬೆಯಲ್ಲಿಟ್ಟರು. ರವೆ ಇಡ್ಲಿ ಹುಟ್ಟಿದ್ದು ಹೀಗೆ, ನಮ್ಮಲ್ಲೇ, ಎಂಬುದು ಮಾವಳ್ಳಿಯವರ ಹೇಳಿಕೆ. ತಾಪತ್ರಯದ ಮಗುವಾದರೂ ಅದು ಯುದ್ಧ ಮುಗಿದ ಮೇಲೂ ತಟ್ಟೆ ಬಿಟ್ಟು ಏಳಲಿಲ್ಲ. ಸಾಗು, ತುಪ್ಪಗಳ ಜೊತೆಗೆ ಇಂದಿಗೂ ಇದೆ. ಇಡ್ಲಿ ಎಂದರೆ ಅಕ್ಕಿ ಉದ್ದುಗಳ ಹುದುಗೇ ಹೊರತು ಇದಲ್ಲ ಎನ್ನುವ ಕಟ್ಟಾಳುಗಳೂ ಇಂದಿಗೂ ಇದ್ದಾರೆ.

ಈ ಚರಿತ್ರೆಯ ನಡುಕಂಬವೆಂದರೆ 1951. ಆ ವರ್ಷ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋದರು. ಕಾಫಿ ಕ್ಲಬ್ಬಿನ ಯಜಮಾನರು ಹಡಗಿನ ಕಾಲದಲ್ಲಿ ಸೀಮೆಗೆ ಹೋಗುವುದೆಂದರೆ ಸಣ್ಣ ಮಾತಲ್ಲ. ಅವರು ನೋಡಲು ಹೋದದ್ದು ಅಲ್ಲಿನ ಊಟದ ಮನೆಗಳ ವ್ಯವಸ್ಥೆಯನ್ನು. ಮನಸ್ಸಿಗೆ ಹತ್ತಿದ್ದು ಅಲ್ಲಿನ ಚೊಕ್ಕಟ. ಹಿಂತಿರುಗಿದವರೇ ತಟ್ಟೆ, ಲೋಟ, ಚಮಚಗಳನ್ನು ಬಿಸಿ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಏರ್ಪಾಡು ತಂದರು. ಅಡಿಗೆಮನೆಗೆ ಕಟ್ಟುನಿಟ್ಟು ಬಂತು. ಮುಂದೆ ಊಟಕ್ಕೆ ಬಂದವರನ್ನು ಅಡಿಗೆಮನೆಯ ಮೂಲಕವೇ ಕರೆದೊಯ್ಯುವ ರೂಢಿಯೂ ಬೆಳೆಯಿತು: ನೀವೇ ನೋಡಿ, ಆಮೇಲೆ ಉಣ್ಣಿ.

ಇದರಲ್ಲಿ ಅಡಗಿದ್ದ ಕ್ರಾಂತಿ ಸಣ್ಣದಲ್ಲ. ಮಡಿಯ ಅಡಿಗೆಮನೆಯ ಮೊದಲ ನಿಯಮವೇ ಪರರ ಕಣ್ಣು ಬೀಳಬಾರದು ಎಂಬುದು. ಇಲ್ಲಿ ಬಾಗಿಲು ತೆರೆದು ಎಲ್ಲರ ಕಣ್ಣಿಗೂ ಒಲೆಯನ್ನು ತೋರಿಸಿದರು. 1924ರ ಗಿರಾಕಿಗೆ ಜಾಮೀನು ಕೊಟ್ಟದ್ದು ಅಡಿಗೆಯವನ ಜಾತಿ. 1951ರ ನಂತರದ ಗಿರಾಕಿಗೆ ಜಾಮೀನು ಕುದಿಯುವ ನೀರು. ಲೋಟ ಅದೇ. ಅದರ ಅಂಚಿನ ಬಗೆಗಿದ್ದ ಭಯಕ್ಕೆ ಮಾತ್ರ ಹೊಸ ಹೆಸರು, ಹೊಸ ಔಷಧಿ.

ಅದೇ ಹೊತ್ತಿಗೆ ಆ ಭಯದ ಇನ್ನೊಂದು ಮುಖಕ್ಕೆ ದಿಲ್ಲಿಯಲ್ಲಿ ಮದ್ದರೆಯುತ್ತಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ ಹೋಟೆಲಿನ ಹೆಸರಿದೆ. ಹದಿನೈದನೆಯ ವಿಧಿಯನ್ನು ತೆರೆದು ನೋಡಬಹುದು. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಪ್ರವೇಶವನ್ನು ಜಾತಿ ಧರ್ಮಗಳ ಕಾರಣದಿಂದ ತಡೆಯಕೂಡದು ಎಂದು ಅಲ್ಲಿ ಬರೆದಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಹೋಟೆಲಿನಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸದಂತೆ ಯಾರನ್ನೂ ತಡೆಯುವುದು ಅಪರಾಧ ಎಂದು ಸಾರಿತು. ಕಾನೂನಿನ ಪುಸ್ತಕದೊಳಗೆ ಲೋಟ ಬಂದು ಕುಳಿತದ್ದು ಹೀಗೆ. ಹಳ್ಳಿಯ ಚಹದಂಗಡಿಗಳ ಎರಡು ಲೋಟ ಅದರಿಂದ ಮಾಯವಾಯಿತೆ ಎಂದು ಕೇಳಿದರೆ, ಇಲ್ಲ. ದಶಕಗಳ ನಂತರವೂ ಆ ಬಗ್ಗೆ ದೂರುಗಳು ಬರುತ್ತಲೇ ಇದ್ದವು.

ಹೆಸರಿನ ಜಗಳ ಮದರಾಸಿನಲ್ಲಿ ಬೀದಿಗೇ ಬಂತು. ತಿರುವಲ್ಲಿಕ್ಕೇಣಿಯ ಮುರಳೀಸ್ ಕೆಫೆಯ ಬೋರ್ಡಿನಲ್ಲಿದ್ದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಯಬೇಕೆಂದು 1957ರಲ್ಲಿ ಪೆರಿಯಾರರ ದ್ರಾವಿಡರ್ ಕಳಗಂ ಪಿಕೆಟಿಂಗ್ ಆರಂಭಿಸಿತು. ತಿಂಗಳುಗಟ್ಟಲೆ ಬಂಧನಗಳಾದವು. 1958ರಲ್ಲಿ ಪದ ಅಳಿಯಿತು. ಬೆಂಗಳೂರಿನ ಕಾಫಿ ಕ್ಲಬ್ಬು 1960ರಲ್ಲಿ ಹೊಸ ಕಟ್ಟಡಕ್ಕೆ ಬಂದಾಗ ಬೋರ್ಡಿನ ಮೇಲೆ ಇದ್ದದ್ದು ಮಾವಳ್ಳಿ ಟಿಫಿನ್ ರೂಮ್ಸ್. ಎರಡಕ್ಕೂ ಗಂಟು ಹಾಕುವ ಉದ್ದೇಶ ನನಗಿಲ್ಲ. ಆದರೆ ಕುಲದ ಹೆಸರು ಹೋಗಿ ನೆರೆಹೊರೆಯ ಹೆಸರು ಬಂತಲ್ಲ, ಅದು ನನಗೆ ಹಿಡಿಸುತ್ತದೆ.

ಬಡಿಸುವವರ ವಿಷಯಕ್ಕೆ ಬರೋಣ. ಗಿರಾಕಿಗಳ ದೂರಿನಲ್ಲಿ ಮುಕ್ಕಾಲು ಪಾಲು ಅವರ ತಲೆಯ ಮೇಲೇ. ‘ಮಾಣಿ’ ಎಂಬ ಪದಕ್ಕೆ ಕರಾವಳಿಯಲ್ಲಿ ಹುಡುಗ, ವಟು ಎಂದರ್ಥ. ಘಟ್ಟ ಹತ್ತಿ ಬಂದ ಮೇಲೆ ಅದರ ಅರ್ಥ ಹೋಟೆಲಿನಲ್ಲಿ ಲೋಟ ಎತ್ತುವವನು ಎಂದಾಯಿತು. ಒಂದು ಪದದ ಈ ಪ್ರಯಾಣದಲ್ಲೇ ಒಂದು ಜಿಲ್ಲೆಯ ಬಡತನದ ಕಥೆಯಿದೆ. ತಿಂಡಿಗಳ ಪಟ್ಟಿಯನ್ನು ಉಸಿರು ಬಿಡದೆ ಒಪ್ಪಿಸುವ ಹುಡುಗನನ್ನು ಕಂಡು ನಕ್ಕವರು, ನೀರು ತರುವುದು ತಡವಾದರೆ ಗದರಿದವರು, ಅವನ ವಯಸ್ಸು ಕೇಳಿದ್ದು ಕಡಮೆ. ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಬೆಳೆದದ್ದು ಬಹುಮಟ್ಟಿಗೆ ಇಂಥ ಹುಡುಗರಿಂದಲೇ. ಹಗಲು ತಟ್ಟೆ, ರಾತ್ರಿ ಸ್ಲೇಟು. ಹೋಟೆಲುಗಳಲ್ಲಿ ಮಕ್ಕಳನ್ನು ದುಡಿಸುವುದಕ್ಕೆ ಕೇಂದ್ರ ಸರಕಾರದ ನಿಷೇಧ ಬರಲು 2006ರ ಅಕ್ಟೋಬರ್ ತಿಂಗಳವರೆಗೆ ಕಾಯಬೇಕಾಯಿತು. ಒಮ್ಮೆ, ಹೆಸರು ಬೇಡ, ಒಂದು ಹೋಟೆಲಿನಲ್ಲಿ ದೋಸೆ ತಣ್ಣಗಿದೆ ಎಂದು ನಾನು ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ. ಯಜಮಾನರು ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು, ತಪ್ಪು ಒಲೆಯವನದೋ ತಂದವನದೋ ಎಂದು ವಿಚಾರಿಸದೆ, ಎದುರಿಗಿದ್ದ ಹುಡುಗನ ತಲೆಯ ಮೇಲೊಂದು ಮೊಟಕಿದರು. ಬಿಸಿ ದೋಸೆ ಬಂತು. ತಿನ್ನುವುದು ಕಷ್ಟವಾಯಿತು.

ಬಡಿಸುವವರೇ ಯಜಮಾನರಾದ ಪ್ರಯೋಗವೂ ಇದೇ ಊರಿನಲ್ಲಿ ನಡೆದಿದೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಲು ಹೊರಟಾಗ, ಎ. ಕೆ. ಗೋಪಾಲನ್ ಮೊದಲಾದವರ ಮುಂದಾಳುತನದಲ್ಲಿ ನೌಕರರು ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ 1957ರ ಆಗಸ್ಟಿನಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸರಿದ ಕಾಫಿ ಹೌಸನ್ನು ಬಲ್ಲವರು ಎರಡು ಮಾತು ಹೇಳುತ್ತಿದ್ದರು: ಕೇಳಿದ್ದು ಬೇಗ ಬರುವುದಿಲ್ಲ, ಒಂದು ಕಾಫಿಗೆ ಎರಡು ಗಂಟೆ ಕೂತರೂ ಏಳೆನ್ನುವವರಿಲ್ಲ. ಎರಡೂ ಒಂದೇ ಗುಣದ ಎರಡು ಹೆಸರು ಎಂಬುದು ದೂರುವವರಿಗೆ ಹೊಳೆಯುತ್ತಿರಲಿಲ್ಲ.

ಮಾವಳ್ಳಿಯ ಗುಣ ಇದಕ್ಕೆ ವಿರುದ್ಧ. ಅಲ್ಲಿ ಎಲ್ಲಕ್ಕೂ ವೇಳೆಯುಂಟು, ಕಾಯಬೇಕು, ಗುರುತಿಲ್ಲದವರ ಜೊತೆ ಮೇಜು ಹಂಚಿಕೊಳ್ಳಬೇಕು. ಮಂತ್ರಿಯೂ ಅಷ್ಟೆ, ಮಾಸ್ತರೂ ಅಷ್ಟೆ ಎಂದು ಹೊಗಳಿದವರಿದ್ದಾರೆ. ದುಡ್ಡು ಕೊಟ್ಟೂ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ನಿಂತಂತೆ ಎಂದು ಮುಖ ಸಿಂಡರಿಸಿದವರಿದ್ದಾರೆ. ನಾನು ಮೊದಲನೆಯವರ ಪಕ್ಷ, ಆದರೆ ಹೊಟ್ಟೆ ತುಂಬಿದ ಮೇಲೆ.

ಗಿರಾಕಿಯ ಹೊಗಳಿಕೆ ತೆಗಳಿಕೆಗಳ ನಡುವೆ ಸರಕಾರ ಬಂದು ಕುಳಿತದ್ದು 1975ರಲ್ಲಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಇಳಿಸುವಂತೆ ಕಟ್ಟಳೆಯಾಯಿತು. ಸಂಬಳದ ಜನಕ್ಕೆ ಸಂತೋಷವಾದದ್ದು ಸಹಜ; ಇಡ್ಲಿ ಚಿಕ್ಕದಾಯಿತು, ಚಟ್ನಿ ನೀರಾಯಿತು ಎಂಬ ಗೊಣಗಾಟ ಹಿಂದೆಯೇ ಬಂದದ್ದೂ ಸಹಜ. ಮಾವಳ್ಳಿಯವರು ತುಪ್ಪ ಬೇಳೆಗಳಲ್ಲಿ ಕೈ ಹಿಡಿಯಲು ಒಪ್ಪಲಿಲ್ಲ. ಇಳಿಸಿದ ಬೆಲೆಗೇ ಮೊದಲಿನ ತಿಂಡಿ ಕೊಟ್ಟು, ಆ ದಿನ ಆದ ನಷ್ಟವನ್ನು ಹಲಗೆಯ ಮೇಲೆ ಬರೆದು ಹಾಕುತ್ತಿದ್ದರೆಂದು ಹೇಳುತ್ತಾರೆ. ಹೀಗೆ ಎಷ್ಟು ದಿನ ನಡೆದೀತು? ಹೋಟೆಲು ಬಾಗಿಲು ಹಾಕಿತು. ಕೆಲಸಗಾರರ ಕೈಗೆ ಕೆಲಸ ಬೇಕಲ್ಲ. ಪುಡಿಗಳನ್ನು, ರವೆ ಇಡ್ಲಿಯ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರುವ ಉದ್ಯಮಕ್ಕೆ ಒತ್ತು ಬಿತ್ತು. ಗಿರಾಕಿ ಹೋಟೆಲಿಗೆ ಬರಲಾಗದಿದ್ದರೆ ಹೋಟೆಲೇ ಗಿರಾಕಿಯ ಮನೆಗೆ ಹೋಯಿತು. ಕಾಯುವ ಗೋಳಿಲ್ಲ, ಮಾಣಿಯ ಮೇಲೆ ರೇಗುವಂತಿಲ್ಲ; ಇಡ್ಲಿ ಗಟ್ಟಿಯಾದರೆ ಬಯ್ಯಲು ಮನೆಯಾಕೆಯೊಬ್ಬಳೇ ಉಳಿದಳು. ಈ ಪೊಟ್ಟಣದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು. ಹೋಟೆಲು ಮಾತ್ರ ಮನೆತನದಲ್ಲೇ ಉಳಿಯಿತು.

1980ರ ದಶಕದಲ್ಲಿ ಬಾಗಿಲು ಮತ್ತೆ ತೆರೆದಾಗ ಊರು ಬದಲಾಗಿತ್ತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬ ಹೊಸ ಮಾದರಿ ಹುಟ್ಟಿತ್ತು: ಚೀಟಿ ಕೊಂಡು, ತಟ್ಟೆ ತಾನೇ ಎತ್ತಿಕೊಂಡು, ನಿಂತೇ ತಿಂದು ಹೊರಡುವುದು. ಅಡಿಗೆ ಕಣ್ಣೆದುರೇ. ಮುಂದಿನ ವರ್ಷಗಳಲ್ಲಿ ದರ್ಶಿನಿಗಳು ಬೀದಿಬೀದಿಗೂ ಬಂದವು. ಪಕ್ಕದಲ್ಲಿ ನಿಂತವರ ಕುಲ ಕೇಳಲು ಅಲ್ಲಿ ಪುರುಸೊತ್ತೂ ಇಲ್ಲ, ಕುರ್ಚಿಯೂ ಇಲ್ಲ. ಆ ಗದ್ದಲದಲ್ಲಿ ಕೈಗೆ ಬರುವ ಸ್ಟೀಲಿನ ಲೋಟವನ್ನು ಜನ ಹಿಂದೆಮುಂದೆ ನೋಡದೆ ತುಟಿಗಿಡುತ್ತಾರೆ. ಕೆಲವರು ಮಾತ್ರ ಅಂಚನ್ನು ಮೊದಲು ಬೆರಳಿನಿಂದ ಒರಸುತ್ತಾರೆ. ನಾನೂ ಒರಸುತ್ತೇನೆ. ಕ್ರಿಮಿಯ ಭಯಕ್ಕೆ ಎಂದು ಕೇಳಿದವರಿಗೆ ಹೇಳುತ್ತೇನೆ.