ಕಮಾಕುರ: ದೊಡ್ಡ ಬುದ್ಧನ ಊರಿನಲ್ಲಿ ಹೆಂಗಸರ ಇತಿಹಾಸ

ಟೋಕಿಯೊಗೆ ಪ್ರಾಜೆಕ್ಟ್ ಕೆಲಸಕ್ಕೆ ಹೋದವರು, ಅಲ್ಲಿರುವ ಮಗ ಮಗಳನ್ನು ನೋಡಲು ಹೋದವರು, ಒಂದು ದಿನ ಬಿಡುವು ಸಿಕ್ಕರೆ ಸಾಮಾನ್ಯವಾಗಿ ಹೋಗಿಬರುವ ಊರು ಕಮಾಕುರ. ಟೋಕಿಯೊದಿಂದ ನೈಋತ್ಯಕ್ಕೆ ಸುಮಾರು 50 ಕಿಲೋಮೀಟರ್, ರೈಲಿನಲ್ಲಿ ಒಂದು ಗಂಟೆ. ಖಾಸಗಿ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಂಡರೆ ಒಂದೇ ದಿನದಲ್ಲಿ ಹಾಚಿಮಾನ್ ದೇಗುಲ, ದೊಡ್ಡ ಬುದ್ಧ, ಕಡಲ ದಡದ ಪುಟ್ಟ ರೈಲು, ಎನೊಶಿಮಾ ದ್ವೀಪ ಎಲ್ಲವನ್ನೂ ತೋರಿಸಿ ಸಂಜೆಗೆ ವಾಪಸ್ ಕರೆತರುತ್ತಾರೆ. ಆಕಾಶ ತಿಳಿಯಾಗಿದ್ದರೆ ಫುಜಿ ಪರ್ವತವೂ ಕಾಣುತ್ತದೆ.

ಗೈಡ್ ಹೇಳುವ ಕಥೆ ಹೆಚ್ಚಾಗಿ ಸಮುರಾಯ್ ಯೋಧರದು. ತಪ್ಪೇನಿಲ್ಲ, ಇದು ಅವರು ಕಟ್ಟಿದ ಊರೇ. ಆದರೆ ಇದೇ ದಾರಿಯಲ್ಲಿ ನಡೆಯುತ್ತಾ ಹೆಂಗಸರ ಇತಿಹಾಸವನ್ನೂ ಓದಬಹುದು. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಅದನ್ನೇ ಬರೆಯೋಣ ಅನ್ನಿಸಿತು.

ಮೊದಲು ಊರಿನ ಬಗ್ಗೆ ಎರಡು ಮಾತು. ಮೂರು ಕಡೆ ಬೆಟ್ಟ, ಒಂದು ಕಡೆ ಸಾಗಾಮಿ ಕೊಲ್ಲಿ. ಒಳಗೆ ಬರಬೇಕೆಂದರೆ ಬೆಟ್ಟ ಕಡಿದು ಮಾಡಿದ ಇಕ್ಕಟ್ಟಾದ ದಾರಿಗಳೇ ಗತಿ. ಕೋಟೆ ಕಟ್ಟದೆಯೇ ಕೋಟೆಯಂತಿರುವ ಈ ಜಾಗವನ್ನು ಮಿನಾಮೊತೊ ಯೊರಿತೊಮೊ 1180ರಲ್ಲಿ ತನ್ನ ನೆಲೆ ಮಾಡಿಕೊಂಡ. 1192ರಲ್ಲಿ ಶೋಗನ್ ಆದ. ಚಕ್ರವರ್ತಿ ಕ್ಯೋಟೊದಲ್ಲೇ ಉಳಿದ, ಅಧಿಕಾರ ಮಾತ್ರ ಇಲ್ಲಿಗೆ ಬಂತು. 1333ರವರೆಗೂ ಜಪಾನಿನ ಸೇನಾ ಆಡಳಿತದ ಕೇಂದ್ರ ಕಮಾಕುರವೇ.

ಸ್ಟೇಷನ್ನಿನ ಕಡೆಯಿಂದ ಹಾಚಿಮಾನ್ ದೇಗುಲಕ್ಕೆ ಹೋಗುವ ದೊಡ್ಡ ಬೀದಿಯ ನಡುವೆ, ಎರಡೂ ಬದಿ ಚೆರಿ ಮರಗಳಿರುವ ಒಂದು ಎತ್ತರಿಸಿದ ಕಾಲುದಾರಿ ಇದೆ. ವಸಂತದಲ್ಲಿ ಎಲ್ಲರೂ ಫೋಟೋ ತೆಗೆಯುವ ಜಾಗ. 1182ರಲ್ಲಿ ಯೊರಿತೊಮೊನ ಹೆಂಡತಿ ಮಸಾಕೊ ಬಸುರಿಯಾಗಿದ್ದಾಗ, ಸುಖವಾಗಿ ಹೆರಿಗೆಯಾಗಲಿ ಎಂಬ ಹರಕೆಯಿಂದ ಕಟ್ಟಿಸಿದ ದಾರಿ ಅದು. ಮಸಾಕೊ ಹೋಜೊ ಮನೆತನದ ಮಗಳು. ಅಪ್ಪನಿಗೆ ಇಷ್ಟವಿಲ್ಲದಿದ್ದರೂ ಯೊರಿತೊಮೊನನ್ನು ಹುಡುಕಿಕೊಂಡು ಹೋಗಿ ಮದುವೆಯಾದವಳು.

ಇದೇ ದೇಗುಲದಲ್ಲಿ 1186ರಲ್ಲಿ ಇನ್ನೊಬ್ಬ ಹೆಣ್ಣು ನರ್ತಿಸಿದಳು. ಅವಳು ಶಿಜುಕಾ, ಯೊರಿತೊಮೊನ ತಮ್ಮ ಯೊಶಿತ್ಸುನೆಯ ಪ್ರೇಯಸಿ. ಅಣ್ಣತಮ್ಮಂದಿರ ನಡುವೆ ದ್ವೇಷ ಬೆಳೆದು ತಮ್ಮ ತಲೆಮರೆಸಿಕೊಂಡಿದ್ದ. ಸೆರೆಸಿಕ್ಕ ಶಿಜುಕಾಳನ್ನು ಕರೆತಂದು ಎಲ್ಲರ ಮುಂದೆ ಕುಣಿಯಲು ಹೇಳಿದರು. ಅವಳು ಕುಣಿದಳು, ಆದರೆ ಹಾಡಿದ್ದು ಓಡಿಹೋದ ತನ್ನ ಪ್ರಿಯನ ನೆನಪನ್ನು. ಯೊರಿತೊಮೊ ಕೋಪದಿಂದ ಉರಿದುಹೋದ. ಅವನನ್ನು ಸಮಾಧಾನ ಮಾಡಿದವಳು ಮಸಾಕೊ. ನಾನು ಅವಳ ಜಾಗದಲ್ಲಿದ್ದರೂ ಹೀಗೇ ಮಾಡುತ್ತಿದ್ದೆ ಎಂಬ ಅರ್ಥದ ಮಾತನ್ನು ಅವಳು ಹೇಳಿದಳೆಂದು ಆ ಕಾಲದ ಇತಿಹಾಸ ಗ್ರಂಥ 'ಅಜುಮಾ ಕಾಗಾಮಿ' ದಾಖಲಿಸಿದೆ. ಶಿಜುಕಾಗೆ ಹುಟ್ಟಿದ್ದು ಗಂಡು ಮಗು. ಮುಂದೆ ಸೇಡು ತೀರಿಸಿಕೊಂಡಾನು ಎಂದು ಅದನ್ನು ಕೊಲ್ಲಲು ಆಜ್ಞೆಯಾಯಿತು. ಮಸಾಕೊ ಬೇಡಿಕೊಂಡರೂ ಈ ಸಲ ನಡೆಯಲಿಲ್ಲ. ಆ ಮಗು ಸತ್ತದ್ದು ಯುಇಗಾಹಾಮಾ ದಡದಲ್ಲಿ. ಈಗ ಅಲ್ಲಿ ಬೇಸಿಗೆಯಲ್ಲಿ ಮಕ್ಕಳು ಈಜಾಡುತ್ತಾರೆ.

1199ರಲ್ಲಿ ಯೊರಿತೊಮೊ ತೀರಿಕೊಂಡಾಗ ಮಸಾಕೊ ತಲೆ ಬೋಳಿಸಿ ಸನ್ಯಾಸಿನಿಯಾದಳು. ಹಿರಿಯ ಮಗ ಅಧಿಕಾರ ಕಳೆದುಕೊಂಡು 1204ರಲ್ಲಿ ಕೊಲೆಯಾದ. ಕಿರಿಯ ಮಗ ಸಾನೆತೊಮೊನನ್ನು 1219ರಲ್ಲಿ ಹಾಚಿಮಾನ್ ದೇಗುಲದ ಆವರಣದಲ್ಲೇ ಅವನ ಅಣ್ಣನ ಮಗ ಕೊಂದ. ಇಬ್ಬರು ಹೆಣ್ಣುಮಕ್ಕಳು ಮೊದಲೇ ಹೋಗಿದ್ದರು. ನಾಲ್ಕೂ ಮಕ್ಕಳನ್ನು ಕಳೆದುಕೊಂಡ ಈ ಹೆಣ್ಣನ್ನು ಜನ ಕರೆದದ್ದು 'ಸನ್ಯಾಸಿನಿ ಶೋಗನ್' ಎಂದು. 1221ರಲ್ಲಿ ನಿವೃತ್ತ ಚಕ್ರವರ್ತಿ ಗೋ-ತೋಬಾ ಕಮಾಕುರದ ವಿರುದ್ಧ ಯುದ್ಧ ಸಾರಿದಾಗ ಯೋಧರು ಅಳುಕಿದರು. ಯೊರಿತೊಮೊನಿಂದ ನಿಮಗೆ ಸಿಕ್ಕಿದ್ದನ್ನು ನೆನೆಸಿಕೊಳ್ಳಿ ಎಂದು ಅವರನ್ನು ಒಗ್ಗೂಡಿಸಿದವಳು ಅರವತ್ತು ದಾಟಿದ ಮಸಾಕೊ. ಕಮಾಕುರ ಗೆದ್ದಿತು, ಗೋ-ತೋಬಾ ಓಕಿ ದ್ವೀಪಕ್ಕೆ ಗಡೀಪಾರಾದ.

ಅವಳು ತೀರಿಕೊಂಡ ಏಳು ವರ್ಷಕ್ಕೆ, 1232ರಲ್ಲಿ, ಅವಳ ಸೋದರಳಿಯ ಹೋಜೊ ಯಾಸುತೊಕಿ 51 ಕಲಮುಗಳ ಕಾನೂನು ತಂದ. ಮಕ್ಕಳಿಲ್ಲದ ಹೆಂಗಸು ದತ್ತು ತೆಗೆದುಕೊಂಡು ತನ್ನ ಜಮೀನನ್ನು ಆ ಮಗುವಿಗೆ ಕೊಡಬಹುದು ಎಂಬ ಕಲಮು ಅದರಲ್ಲಿದೆ. ಯೋಧರ ಮನೆತನದ ಹೆಣ್ಣುಮಕ್ಕಳು ಆಗ ತಂದೆಯ ಜಮೀನಿನಲ್ಲಿ ಪಾಲು ಪಡೆಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಗೈಡ್ ನಿಮ್ಮನ್ನು ಎನೊದೆನ್ ರೈಲಿಗೆ ಹತ್ತಿಸುತ್ತಾರೆ. 1902ರಲ್ಲಿ ಶುರುವಾದ, ಬರೀ 10 ಕಿಲೋಮೀಟರಿನ ಲೈನ್. ಮನೆಗಳ ಹಿತ್ತಿಲಿಗೆ ಉಜ್ಜಿಕೊಂಡಂತೆ ಹೋಗಿ, ಥಟ್ಟನೆ ಕಡಲ ಪಕ್ಕಕ್ಕೆ ಬರುತ್ತದೆ. ಹಸೆ ಸ್ಟೇಷನ್ನಿನಲ್ಲಿ ಇಳಿದರೆ ದೊಡ್ಡ ಬುದ್ಧ. ಇದು ಅಮಿತಾಭ ಬುದ್ಧ, 11 ಮೀಟರಿಗೂ ಹೆಚ್ಚು ಎತ್ತರ, ಸುಮಾರು 121 ಟನ್ ಕಂಚು. ಕೆಲಸ ಶುರುವಾದದ್ದು 1252ರಲ್ಲಿ. ಇಂಥದ್ದೊಂದು ಬುದ್ಧ ಇಲ್ಲಿ ಬೇಕೆಂದು ಮೊದಲು ಕನಸು ಕಂಡವಳು ಯೊರಿತೊಮೊನ ಅರಮನೆಯ ಊಳಿಗದ ಹೆಂಗಸು ಇನಾದಾ ಎಂಬ ಐತಿಹ್ಯವಿದೆ.

ಅದೇ ರೈಲಿನಲ್ಲಿ ಮುಂದೆ ಹೋದರೆ ಎನೊಶಿಮಾ. ಅಲ್ಲಿಯ ದೇವತೆ ಬೆನ್‌ಜೈತೆನ್. ನಮಗೆ ಪರಿಚಯ ಬೇಕಿಲ್ಲ, ಇವಳು ನಮ್ಮ ಸರಸ್ವತಿಯೇ. 'ಸುವರ್ಣಪ್ರಭಾಸ' ಎಂಬ ಬೌದ್ಧ ಸೂತ್ರದ ಜೊತೆ ಭಾರತದಿಂದ ಚೀನಾಕ್ಕೆ, ಅಲ್ಲಿಂದ ಜಪಾನಿಗೆ ಬಂದವಳು. ನೀರಿನ ದೇವತೆಯಾದ್ದರಿಂದ ದ್ವೀಪ, ಕೆರೆ, ಕಡಲ ದಡಗಳಲ್ಲಿ ನೆಲೆಸಿದಳು. ಕೈಯಲ್ಲಿ ವೀಣೆಯ ಬದಲು 'ಬೀವಾ' ಎಂಬ ಜಪಾನಿ ತಂತಿವಾದ್ಯ. ಎನೊಶಿಮಾದಲ್ಲಿ ಅವಳಿಗೆ ಎರಡು ಮುಖ: ಎಂಟು ಕೈಗಳಲ್ಲಿ ಆಯುಧ ಹಿಡಿದ ರೂಪ ಯೋಧರಿಗೆ, ಬೀವಾ ಹಿಡಿದ ರೂಪ ಸಂಗೀತಗಾರರಿಗೆ. ಎಡೊ ಕಾಲದಲ್ಲಿ ಹಾಡುವ, ಕುಣಿಯುವ ವೃತ್ತಿಯವರು ಇಲ್ಲಿಗೆ ಯಾತ್ರೆ ಬರುತ್ತಿದ್ದರು. ಶಾರದೆಯನ್ನು ಶೃಂಗೇರಿಯಲ್ಲಿ ಕಂಡ ನಮಗೆ ಈ ದ್ವೀಪ ಅಪರಿಚಿತ ಅನ್ನಿಸುವುದಿಲ್ಲ.

ಇಷ್ಟು ಸಾಮಾನ್ಯವಾಗಿ ಎಲ್ಲರೂ ನೋಡುವ ಕಮಾಕುರ. ಬಹಳ ಜನ ಬಿಟ್ಟುಬಿಡುವ ಜಾಗ ಕಿತಾ ಕಮಾಕುರದಲ್ಲಿದೆ. ಟೋಕಿಯೊ ಕಡೆಗೆ ಒಂದೇ ಸ್ಟೇಷನ್ ಹಿಂದಕ್ಕೆ. ಅಲ್ಲಿಂದ ನಾಲ್ಕೈದು ನಿಮಿಷ ನಡೆದರೆ ಕೆಲವು ಮೆಟ್ಟಿಲು, ಹುಲ್ಲು ಹೊದಿಸಿದ ಚಿಕ್ಕ ಬಾಗಿಲು. ಅದು ತೋಕೇಜಿ ಮಠ.

ಸ್ಥಾಪನೆ 1285ರಲ್ಲಿ. ಸ್ಥಾಪಿಸಿದವಳು ಕಾಕುಸಾನ್. ಮಂಗೋಲರ ದಾಳಿಯನ್ನು ಎರಡು ಸಲ ಎದುರಿಸಿದ ಹೋಜೊ ತೊಕಿಮುನೆಯ ವಿಧವೆ. ದಾಳಿಯೇನೋ ವಿಫಲವಾಯಿತು, ಆದರೆ ಗೆದ್ದ ಯೋಧರಿಗೆ ಹಂಚಲು ಹೊಸ ಭೂಮಿ ಸಿಗಲಿಲ್ಲ. ಇದ್ದ ಜಮೀನನ್ನೇ ಪಾಲು ಮಾಡುತ್ತಾ ಹೋದ ಮನೆತನಗಳು ಬಡವಾದವು. ಮೊದಲು ಕತ್ತರಿ ಬಿದ್ದದ್ದು ಹೆಣ್ಣುಮಕ್ಕಳ ಪಾಲಿಗೆ. ಬದುಕಿರುವ ತನಕ ಅನುಭವಿಸು, ಆಮೇಲೆ ಮನೆತನಕ್ಕೆ ವಾಪಸ್ ಎಂಬ ಪದ್ಧತಿ ಬಂತು. ಕ್ರಮೇಣ ಎಲ್ಲವೂ ಒಬ್ಬ ಮಗನಿಗೆ. ಹೆಣ್ಣಿನ ಕೈಯಿಂದ ನೆಲ ಜಾರುತ್ತಿದ್ದ ಕಾಲದಲ್ಲೇ ಈ ಮಠ ಹುಟ್ಟಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಗಂಡನ ಕಾಟ ತಾಳಲಾರದೆ ಬಂದ ಹೆಂಗಸು ಇಲ್ಲಿ ಮೂರು ವರ್ಷ ಸೇವೆ ಮಾಡಿದರೆ ಮದುವೆಯ ಬಂಧ ಕಳಚುತ್ತದೆ ಎಂಬ ನಿಯಮವನ್ನು ಕಾಕುಸಾನ್ ತನ್ನ ಮಗನಿಂದ ಒಪ್ಪಿಸಿಕೊಂಡಳು ಎಂದು ಮಠದ ಪರಂಪರೆ ಹೇಳುತ್ತದೆ. ಎಡೊ ಕಾಲಕ್ಕೆ ಬಂದರೆ ಇದಕ್ಕೆ ಗಟ್ಟಿ ದಾಖಲೆಗಳಿವೆ. ಆಗ ವಿಚ್ಛೇದನ ಪತ್ರ ಬರೆಯುವ ಅಧಿಕಾರ ಗಂಡನಿಗೆ ಮಾತ್ರ. ಆ ಪತ್ರದ ಉದ್ದದಿಂದಾಗಿ ಅದಕ್ಕೆ 'ಮೂರೂವರೆ ಸಾಲು' ಎಂದೇ ಹೆಸರು. ಅದಿಲ್ಲದೆ ಹೆಂಗಸು ಮರುಮದುವೆಯಾದರೆ ಶಿಕ್ಷೆ. ಗಂಡ ಬರೆಯಲು ಒಪ್ಪದಿದ್ದರೆ? ದೇಶದಲ್ಲಿ ಸರ್ಕಾರ ಮಾನ್ಯ ಮಾಡಿದ ಎರಡೇ ಮಠಗಳಿದ್ದವು, ತೋಕೇಜಿ ಅವುಗಳಲ್ಲೊಂದು. ಬೆನ್ನಟ್ಟಿ ಬಂದವರು ಹಿಡಿಯುವ ಮೊದಲು ಚಪ್ಪಲಿಯನ್ನೋ ಬಾಚಣಿಗೆಯನ್ನೋ ಬಾಗಿಲೊಳಗೆ ಎಸೆದರೂ ಸಾಕು, ಅವಳು ಒಳಗೆ ಬಂದಂತೆಯೇ ಎಂಬ ಮಾತು ಪ್ರಸಿದ್ಧ.

ಒಳಗೆ ನಡೆಯುತ್ತಿದ್ದದ್ದು ಬಹಳ ವ್ಯವಸ್ಥಿತ ಕೆಲಸ. ಮಠದ ಅಧಿಕಾರಿಗಳು ಅವಳ ಮಾತು ಕೇಳಿ, ತವರಿನವರಿಗೂ ಗಂಡನ ಕಡೆಯವರಿಗೂ ಕರೆ ಕಳುಹಿಸುತ್ತಿದ್ದರು. ರಾಜಿ ಮಾಡಲು ನೋಡುತ್ತಿದ್ದರು. ಮಠದ ಕರೆ ಬಂತೆಂದರೆ ಎಷ್ಟೋ ಗಂಡಂದಿರು ಅಲ್ಲೇ ಪತ್ರ ಬರೆದುಕೊಡುತ್ತಿದ್ದರು. ಒಪ್ಪದಿದ್ದರೆ ಮಾತ್ರ ಅವಳು ಮಠದಲ್ಲಿ ಉಳಿಯಬೇಕು, ಅದೂ ಕೊನೆಗೆ ಪೂರ್ತಿ ಮೂರು ವರ್ಷವಲ್ಲ, 24 ತಿಂಗಳು. ಎಡೊ ಕಾಲದಲ್ಲಿ ಸುಮಾರು 2,000 ಹೆಂಗಸರು ಹೀಗೆ ಬಿಡುಗಡೆ ಪಡೆದರೆಂಬ ಅಂದಾಜಿದೆ. ಹಾಗೆಂದು ಇದನ್ನು ಸ್ವರ್ಗ ಎನ್ನಬೇಕಿಲ್ಲ. ಉಳಿದುಕೊಳ್ಳಲು ಹಣ ಕಟ್ಟಬೇಕಿತ್ತು, ಕಟ್ಟಿದ ಹಣಕ್ಕೆ ತಕ್ಕಂತೆ ಒಳಗಿನ ದರ್ಜೆ, ಕೆಲಸ ಎರಡೂ ಬೇರೆ.

ಮಠದ 20ನೇ ಮುಖ್ಯಸ್ಥೆ ತೆನ್‌ಶುವಿನ ಕಥೆ ಬೇರೆಯೇ ಇದೆ. 1615ರಲ್ಲಿ ಓಸಾಕಾ ಕೋಟೆ ಬಿದ್ದು ತೊಯೊತೊಮಿ ವಂಶ ನಾಶವಾದಾಗ ಅವಳು ಏಳು ವರ್ಷದ ಮಗು. ತಂದೆ ಸತ್ತ, ಎಂಟು ವರ್ಷದ ಅಣ್ಣನನ್ನು ಕೊಂದರು. ಸನ್ಯಾಸ ಕೊಡಿಸುವ ಷರತ್ತಿನ ಮೇಲೆ ಇವಳನ್ನು ಉಳಿಸಿ ಇಲ್ಲಿಗೆ ಕಳುಹಿಸಿದರು. ಮುಂದೆ ಐಜು ಪ್ರಾಂತದ ಪ್ರಭು, ತನ್ನ ವಿರುದ್ಧ ತಿರುಗಿಬಿದ್ದ ಸೇವಕನ ಹೆಂಡತಿಯನ್ನು ಈ ಮಠದಿಂದ ಎಳೆದೊಯ್ಯಲು ನೋಡಿದಾಗ, ತೆನ್‌ಶು ಬಿಟ್ಟುಕೊಡದೆ ಶೋಗನ್ ಆಡಳಿತಕ್ಕೇ ದೂರು ಮುಟ್ಟಿಸಿದಳೆಂದು ಹೇಳುತ್ತಾರೆ. 1643ರಲ್ಲಿ ಆ ಪ್ರಭು ತನ್ನ ಪ್ರಾಂತವನ್ನೇ ಬಿಟ್ಟುಕೊಡಬೇಕಾಯಿತು.

ಮೇಜಿ ಸರ್ಕಾರ ಬಂದ ಮೇಲೆ ಮಠದ ಈ ಅಧಿಕಾರ ಹೋಯಿತು. 1873ರ ಆದೇಶದಿಂದ ಹೆಂಡತಿಯೂ ವಿಚ್ಛೇದನ ಕೋರಿ ನ್ಯಾಯಾಲಯಕ್ಕೆ ಹೋಗಬಹುದಾಯಿತು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಆದರೆ ಒಂದು ಷರತ್ತು: ಜೊತೆಗೆ ಅಪ್ಪ, ಅಣ್ಣ ಅಥವಾ ಬಂಧು ಯಾರಾದರೂ ಬರಬೇಕು. ತೋಕೇಜಿಯ ಬಾಗಿಲಿಗೆ ಅವಳು ಒಬ್ಬಳೇ ಓಡಿಬರಬಹುದಿತ್ತು. ಹಕ್ಕು ಸಿಕ್ಕಿತು, ಆಸರೆ ಹೋಯಿತು. 1902ರಲ್ಲಿ ಕೊನೆಯ ಸನ್ಯಾಸಿನಿ ಮುಖ್ಯಸ್ಥೆ ತೀರಿಕೊಂಡ ಮೇಲೆ ಮಠ ಪುರುಷ ಸನ್ಯಾಸಿಗಳದಾಯಿತು. ಅವರಲ್ಲಿ ಒಬ್ಬ ಶಾಕು ಸೋಯೆನ್. 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ ಶಿಕಾಗೊ ಸರ್ವಧರ್ಮ ಸಮ್ಮೇಳನದಲ್ಲಿ ಇವರೂ ಇದ್ದರು.

ನಮ್ಮ ದೇಶದಲ್ಲಿ ಈಗ ಕಾನೂನುಗಳಿಗೆ ಕೊರತೆ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡನ ಮನೆಯಲ್ಲಿ ವಾಸದ ಹಕ್ಕು ಕೊಡುತ್ತದೆ, ಆಶ್ರಯಧಾಮದ ಮಾತೂ ಅದರಲ್ಲಿದೆ. ಆದರೂ ತವರಿನಿಂದ ಸಾವಿರ ಕಿಲೋಮೀಟರ್ ದೂರ, ಬೇರೆ ಭಾಷೆಯ ಊರಿನಲ್ಲಿ ಬದುಕುವ ನಮ್ಮಂಥವರಲ್ಲಿ ಒಬ್ಬಳಿಗೆ ಕಷ್ಟ ಬಂದರೆ, ಅವಳು ಮೊದಲು ಕೇಳುವುದು 'ಸೆಕ್ಷನ್ ಯಾವುದು' ಎಂದಲ್ಲ, 'ಇವತ್ತು ರಾತ್ರಿ ಎಲ್ಲಿಗೆ ಹೋಗಲಿ' ಎಂದು. ಕಾಕುಸಾನ್ ಕೊಟ್ಟದ್ದು ಈ ಪ್ರಶ್ನೆಗೆ ಉತ್ತರ. ಕನ್ನಡ ಸಂಘದ ಮಹಿಳಾ ಗುಂಪಿನಲ್ಲಿ ಹಬ್ಬದ ಅಡುಗೆ, ಹಾಡು ಹಸೆಗಳ ಜೊತೆಗೆ, ಅಂಥ ಫೋನ್ ಬಂದರೆ ಯಾರ ಮನೆ ಬಾಗಿಲು ತೆರೆದಿರುತ್ತದೆ ಎಂಬ ಮಾತೂ ಆಗಾಗ ಬರಲಿ ಎಂದು ನನ್ನ ಆಸೆ.

ಕಮಾಕುರಕ್ಕೆ ಹೋಗುವ ಅವಕಾಶ ಸಿಕ್ಕರೆ ಗೈಡ್‌ಗೆ ಮೊದಲೇ ಹೇಳಿ, ದಿನವನ್ನು ಕಿತಾ ಕಮಾಕುರದಿಂದ ಶುರು ಮಾಡಿ. ಬೆಳಿಗ್ಗೆ ಜನ ಕಡಿಮೆ. ಮಠದ ಹಿಂದಿನ ಮರಗಳ ನಡುವೆ ಕಾಕುಸಾನ್ ಮತ್ತು ತೆನ್‌ಶು ಇಬ್ಬರ ಸಮಾಧಿಗಳಿವೆ. ಒಂದು ಗಂಟೆ ಅಲ್ಲಿ ಕಳೆದರೂ ದೊಡ್ಡ ಬುದ್ಧನಿಗೆ, ಸರಸ್ವತಿಗೆ ಸಮಯ ಸಾಕಷ್ಟು ಉಳಿಯುತ್ತದೆ.